ಹೆವಿ ಡ್ಯೂಟಿ ಪಿಕಪ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕೊಲೊರಾಡೊಗೆ ಬಂದ ಮೇಲೆ ಕ್ಯಾಂಪರ್ (ಗಾಡಿ ಹಿಂದೆ ಕಟ್ಟುವ ಚಕ್ರದ ಮನೆ) ಎಳೆಯುವ ಹುಚ್ಚು ಹತ್ತಿಸಿಕೊಂಡವನು ನಾನು. ಒಂದು ಗೇರ್‌ಬಾಕ್ಸ್ ಸುಟ್ಟುಕೊಂಡು ಬುದ್ಧಿ ಕಲಿತೆ. ಆ ಸುದ್ದಿ ಹೇಗೋ ಹಬ್ಬಿ, ಯುಗಾದಿ ಊಟದ ಸಾಲಿನಲ್ಲಿ ನಿಂತಾಗಲೂ ಯಾರಾದರೊಬ್ಬರು ಪಕ್ಕಕ್ಕೆ ಬಂದು ಇದನ್ನೇ ಕೇಳುತ್ತಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಹೆವಿ ಡ್ಯೂಟಿ ಅಂದ್ರೆ ಎಷ್ಟು ಹೆವಿ? ನನ್ನ ಫೋರ್ಡ್ ಎಫ್-150 ಸೇರಲ್ವಾ?

ಸೇರಲ್ಲ. ಗಾಡಿಯ ತೂಕ ಮತ್ತು ಅದು ಹೊರಬಹುದಾದ ತೂಕ ಸೇರಿ 8,500 ಪೌಂಡ್ ದಾಟಿದರೆ, ಅಂದರೆ ಸುಮಾರು 3,850 ಕಿಲೋ ಮೀರಿದರೆ, ಅಮೆರಿಕದಲ್ಲಿ ಹೆವಿ ಡ್ಯೂಟಿ ಪಿಕಪ್ ಅನ್ನುತ್ತಾರೆ. ಮೇಲಿನ ಮಿತಿ 14,000 ಪೌಂಡ್. ಫೋರ್ಡ್‌ನ ಎಫ್-250, ಎಫ್-350, ರ‍್ಯಾಮ್ 2500, 3500, ಶೆವರ್ಲೆ ಮತ್ತು ಜಿಎಂಸಿಯ 2500ಎಚ್‌ಡಿ, 3500ಎಚ್‌ಡಿ ಈ ಗುಂಪಿನವು. ಎಫ್-150 ಒಳ್ಳೆಯ ಗಾಡಿಯೇ, ಆದರೆ ಅದರ ಗೇರ್‌ಬಾಕ್ಸ್ ಬೇರೆ, ರೋಗಗಳೂ ಬೇರೆ. ಆಯಿಲ್ ಮತ್ತು ಬಿಸಿಯ ವಿಚಾರ ಮಾತ್ರ ಎರಡಕ್ಕೂ ಒಂದೇ.

ಭಾರ ಎಳೆಯೋ ಗಾಡಿಗೆ ಮ್ಯಾನುಯಲ್ಲೇ ಸರಿ ಅಲ್ವಾ ಸರ್? ನಮ್ಮಪ್ಪ ಲಾರಿ ಓಡಿಸ್ತಿದ್ರು, ಅವರು ಆಟೋಮ್ಯಾಟಿಕ್ ನಂಬಲ್ಲ.

ನಿಮ್ಮ ತಂದೆಯವರ ಕಾಲಕ್ಕೆ ಅವರ ಮಾತು ಸರಿ. ಆದರೆ ಈಗ ನಿಮಗೆ ಆಯ್ಕೆಯೇ ಇಲ್ಲ. ಈ ಗುಂಪಿನಲ್ಲಿ ಕೊನೆಯದಾಗಿ ಉಳಿದಿದ್ದ ಮ್ಯಾನುಯಲ್ ರ‍್ಯಾಮ್‌ನದು, 2018ರ ಮಾಡೆಲ್‌ನೊಂದಿಗೆ ಅದೂ ನಿಂತಿತು. ಕಾರಣ ಸೋಮಾರಿತನ ಅಲ್ಲ. ಇವತ್ತಿನ ಡೀಸೆಲ್ ಎಂಜಿನ್‌ಗಳ ಟಾರ್ಕ್, ಅಂದರೆ ತಿರುಗಿಸುವ ಬಲ, 1,000 ಪೌಂಡ್-ಅಡಿ ದಾಟಿದೆ. ಅಷ್ಟನ್ನು ತಡೆಯುವ ಕ್ಲಚ್ಚನ್ನು ಕಾಲಲ್ಲಿ ಒತ್ತುವಂತೆ ಮಾಡುವುದು ಕಷ್ಟ. ಆಟೋಮ್ಯಾಟಿಕ್ ಆದರೆ ಗೇರ್ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರು ಎಂಜಿನ್ನಿನ ಜೋರನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಕ್ಲಚ್ ಪೆಡಲ್ ಇಲ್ಲ ಅಂದ್ಮೇಲೆ ಸವೆಯೋದು ಏನು?

ಪೆಡಲ್ ಇಲ್ಲ, ಕ್ಲಚ್ಚುಗಳು ಬೇಕಾದಷ್ಟಿವೆ. ಒಳಗೆ ತೆಳು ಬಿಲ್ಲೆಗಳ ಕಟ್ಟುಗಳಿರುತ್ತವೆ, ಒಂದು ಉಕ್ಕಿನ ಬಿಲ್ಲೆ, ಒಂದು ಘರ್ಷಣೆಯ ಪದರ ಅಂಟಿಸಿದ ಬಿಲ್ಲೆ, ಹೀಗೆ ಒಂದರ ಮೇಲೊಂದು. ಆಯಿಲ್ ಒತ್ತಡ ಕಟ್ಟನ್ನು ಹಿಂಡಿದಾಗ ಒಂದು ಗೇರ್ ಬೀಳುತ್ತದೆ, ಬಿಟ್ಟಾಗ ಕಳಚುತ್ತದೆ. ಯಾವ ಕಟ್ಟಿಗೆ ಯಾವಾಗ ಒತ್ತಡ ಹೋಗಬೇಕು ಅನ್ನುವುದನ್ನು ವಾಲ್ವ್ ಬಾಡಿ ನೋಡಿಕೊಳ್ಳುತ್ತದೆ. ಅದು ಇಲಿಬಿಲದಂಥ ಕಾಲುವೆಗಳಿರುವ ಲೋಹದ ಹಲಗೆ.

ಎಂಜಿನ್ನಿಗೂ ಇದಕ್ಕೂ ನಡುವೆ ಟಾರ್ಕ್ ಕನ್ವರ್ಟರ್. ಎದುರುಬದುರು ಇಟ್ಟ ಎರಡು ಫ್ಯಾನು ಅಂದುಕೊಳ್ಳಿ, ನಡುವೆ ಗಾಳಿಯ ಬದಲು ಆಯಿಲ್. ಒಂದು ತಿರುಗಿದರೆ ಆಯಿಲ್ ಇನ್ನೊಂದನ್ನು ತಳ್ಳುತ್ತದೆ. ನಿಂತ ಗಾಡಿ ಹೊರಡುವಾಗ ಇದು ಎಂಜಿನ್ನಿನ ಟಾರ್ಕನ್ನು ಸುಮಾರು ಎರಡು ಪಟ್ಟು ಹೆಚ್ಚಿಸಿಕೊಡುತ್ತದೆ, ಭಾರ ಎಳೆಯಲು ಆಟೋಮ್ಯಾಟಿಕ್ ಗೆದ್ದದ್ದು ಅಲ್ಲೇ. ಆದರೆ ಎರಡು ಫ್ಯಾನುಗಳ ವೇಗದ ವ್ಯತ್ಯಾಸವೆಲ್ಲ ಬಿಸಿಯಾಗಿ ಆಯಿಲ್‌ಗೆ ಇಳಿಯುತ್ತದೆ. ವೇಗ ಬಂದ ಮೇಲೆ ಲಾಕ್-ಅಪ್ ಕ್ಲಚ್ ಬಿದ್ದು ಎರಡನ್ನೂ ಒಂದು ಮಾಡಿದಾಗ ಆ ಬಿಸಿ ನಿಲ್ಲುತ್ತದೆ. ಮುಂದೆ ಹೇಳುವ ಅರ್ಧ ಮಾತು ಈ ಬಿಸಿಯದ್ದೇ.

## ಯಾವ ಗೇರ್‌ಬಾಕ್ಸ್, ಎಷ್ಟು ಗಟ್ಟಿ

ಮೂರು ಕಂಪನಿಯಲ್ಲಿ ಯಾವುದು ಗಟ್ಟಿ? ಸುತ್ತಿಬಳಸದೆ ಹೇಳಿ.

ಕಂಪನಿಯ ಹೆಸರು ಹಿಡಿದು ಹೇಳಿದರೆ ತಪ್ಪು ಉತ್ತರ ಬರುತ್ತದೆ. ಒಂದೇ ಕಂಪನಿಯಲ್ಲಿ ವರ್ಷಕ್ಕೊಂದು, ಎಂಜಿನ್ನಿಗೊಂದು ಗೇರ್‌ಬಾಕ್ಸ್ ಇದೆ.

ಶೆವರ್ಲೆ, ಜಿಎಂಸಿ ಎರಡನ್ನೂ ಮಾಡುವ ಜಿಎಂನಲ್ಲಿ 2001ರಲ್ಲಿ ಡ್ಯುರಾಮ್ಯಾಕ್ಸ್ ಡೀಸೆಲ್ ಜೊತೆ ಬಂದದ್ದು ಅಲಿಸನ್ 1000. ಮೊದಲು ಐದು ಗೇರ್, 2006ರಿಂದ ಆರು, 2019ರವರೆಗೆ ನಡೆಯಿತು. ಸ್ಕೂಲ್ ಬಸ್ಸು, ಕಸದ ಲಾರಿ, ಫೈರ್ ಎಂಜಿನ್ನುಗಳಿಗೆ ಗೇರ್‌ಬಾಕ್ಸ್ ಮಾಡುವ ಮನೆಯಿಂದ ಬಂದದ್ದು ಇದು. ಹೊರಗಿನಿಂದಲೇ ಬಿಚ್ಚಿ ಹಾಕಬಹುದಾದ ಫಿಲ್ಟರ್ ಇದೆ, ಎಂಜಿನ್ ಆಯಿಲ್ ಫಿಲ್ಟರ್ ಥರ. ಎಂಜಿನ್ ಜೋರು ಹೆಚ್ಚಿಸದೆ, ಆಯಿಲ್ ಬದಲಿಸುತ್ತಾ ಬಂದವರ ಹತ್ತಿರ ಇದು ಬಹಳ ದೂರ ಓಡಿದೆ. ಹಳೇ ಟ್ರಕ್ ಕೊಳ್ಳುವುದಾದರೆ ನನ್ನ ಮೊದಲ ಮತ ಇದಕ್ಕೆ.

ಫೋರ್ಡ್‌ನಲ್ಲಿ 2003ರ ಐದು ಗೇರಿನ ಟಾರ್ಕ್‌ಶಿಫ್ಟ್ ತನ್ನ ಜೊತೆಗಿದ್ದ 6.0 ಲೀಟರ್ ಡೀಸೆಲ್ ಎಂಜಿನ್ನಿಗಿಂತ ಒಳ್ಳೆಯ ಹೆಸರು ಪಡೆಯಿತು. 2011ರಲ್ಲಿ 6.7 ಲೀಟರ್ ಎಂಜಿನ್ನಿಗೆ ಆರು ಗೇರಿನ 6ಆರ್140 ಬಂತು, ಗಟ್ಟಿ ಪೆಟ್ಟಿಗೆ. 2020ರಿಂದ ಹತ್ತು ಗೇರಿನ 10ಆರ್140.

ರ‍್ಯಾಮ್‌ನಲ್ಲಿ ಎಚ್ಚರ ಬೇಕು. ಒಂದೇ 6.7 ಲೀಟರ್ ಕಮಿನ್ಸ್ ಎಂಜಿನ್ನಿಗೆ ಎರಡು ಬೇರೆ ಗೇರ್‌ಬಾಕ್ಸ್ ಇದ್ದವು. 2007ರ ನಡುವಿನಲ್ಲಿ ಬಂದ 68ಆರ್‌ಎಫ್‌ಇ ಕಂಪನಿಯದ್ದೇ, ಅದರ ವಂಶದ ಮೂಲ 1999ರ ಜೀಪ್ ಗ್ರ್ಯಾಂಡ್ ಚೆರೋಕಿಯಲ್ಲಿದ್ದ ಪೆಟ್ಟಿಗೆ. 2013ರಿಂದ 3500ರಲ್ಲಿ ಸಿಗುತ್ತಿದ್ದ ಇನ್ನೊಂದು ಜಪಾನಿನ ಐಸಿನ್‌ನ ಎಎಸ್69ಆರ್‌ಸಿ. ಕಂಪನಿಯ ಲೆಕ್ಕವನ್ನೇ ನೋಡಿ: 2021ರಲ್ಲಿ ಐಸಿನ್ ಜೊತೆಗಿನ ಎಂಜಿನ್ನಿಗೆ 1,075 ಪೌಂಡ್-ಅಡಿ ಟಾರ್ಕ್ ಕೊಟ್ಟರು, 68ಆರ್‌ಎಫ್‌ಇ ಜೊತೆಗಿನದಕ್ಕೆ 850ಕ್ಕೇ ನಿಲ್ಲಿಸಿದರು. ಯಾವುದರ ಮೇಲೆ ಎಷ್ಟು ಭರವಸೆ ಎಂದು ಬೇರೆ ಹೇಳಬೇಕೆ? 2025ರಲ್ಲಿ ಎರಡನ್ನೂ ಬಿಟ್ಟು ಜರ್ಮನಿಯ ಜೆಡ್‌ಎಫ್ ವಿನ್ಯಾಸದ ಎಂಟು ಗೇರಿಗೆ ಹೋದರು.

68ಆರ್‌ಎಫ್‌ಇ ಅಂದ್ರೆ ಎಲ್ರೂ ಮುಖ ಸಿಂಡರಿಸ್ತಾರಲ್ಲ, ಅಷ್ಟು ಕೆಟ್ಟದಾ?

ಖಾಲಿ ಓಡಿಸುವವರಿಗೆ, ಹಗುರ ಕ್ಯಾಂಪರ್ ಎಳೆಯುವವರಿಗೆ ಅಷ್ಟೇನೂ ಅಲ್ಲ. ದೌರ್ಬಲ್ಯ ಎರಡು ಕಡೆ ಇದೆ. ವಾಲ್ವ್ ಬಾಡಿಯ ತಟ್ಟೆಗಳ ನಡುವೆ ಆಯಿಲ್ ಒಂದು ಕಾಲುವೆಯಿಂದ ಇನ್ನೊಂದಕ್ಕೆ ಸೋರಿ ಒತ್ತಡ ಬೀಳುತ್ತದೆ. ಒತ್ತಡ ಸಾಲದೆ, ಮೇಲಿನ ಗೇರುಗಳನ್ನು ಹಿಡಿಯುವ ಓವರ್‌ಡ್ರೈವ್ ಕ್ಲಚ್ಚಿನ ಕಟ್ಟು ಜಾರಿ ಸುಡುತ್ತದೆ. ದೊಡ್ಡ ಭಾರವನ್ನು ಮೇಲಿನ ಗೇರಿನಲ್ಲೇ ದರದರ ಎಳೆಸುವವರು ಇದನ್ನು ಬೇಗ ಮುಗಿಸುತ್ತಾರೆ. ಭಾರ ಇದ್ದಾಗ ಗುಂಡಿ ಒತ್ತಿ ಮೇಲಿನ ಗೇರ್ ಬೀಳದಂತೆ ತಡೆದರೆ ಆಯುಷ್ಯ ಹೆಚ್ಚುತ್ತದೆ.

ಹೊಸ ಶೆವರ್ಲೆಯ ಮೇಲೂ ಅಲಿಸನ್ ಅಂತ ಬರೆದಿದೆ. ಅದೇ ಅಲಿಸನ್ನಾ?

ಹೆಸರು ಅದೇ, ಪೆಟ್ಟಿಗೆ ಅದಲ್ಲ. ಜಿಎಂ ಅಲಿಸನ್ ಕಂಪನಿಯನ್ನು 2007ರಲ್ಲೇ ಮಾರಿತು. 2020ರ ಹತ್ತು ಗೇರಿನದನ್ನು ತಯಾರಿಸುವುದು ಜಿಎಂ, ಅಲಿಸನ್ ಪರೀಕ್ಷೆಯಲ್ಲಿ ಕೈಜೋಡಿಸಿ ಹೆಸರು ಕೊಟ್ಟಿದೆ. ಹಾಗಾಗಿ ಹಳೇ ಅಲಿಸನ್ನಿನ ಕೀರ್ತಿಯನ್ನು ಇದಕ್ಕೆ ಹಾಗೇ ದಾಟಿಸಬೇಡಿ.

ರೀಕಾಲ್ ಬಂದಿದೆ ಅಂತ ಕಾಗದ ಬಂತು. ಹೋಗಲೇಬೇಕಾ?

ಹೋಗಿ, ದೋಷ ತಿದ್ದಲು ಕಂಪನಿಯೇ ಗಾಡಿ ಕರೆಸುವುದು ರೀಕಾಲ್, ನಿಮಗೆ ಖರ್ಚಿಲ್ಲ. 2022ರಲ್ಲಿ 68ಆರ್‌ಎಫ್‌ಇ ಇರುವ ಸುಮಾರು 2.5 ಲಕ್ಷ ರ‍್ಯಾಮ್ ಟ್ರಕ್ಕುಗಳನ್ನು ಕರೆಸಿದರು. ಒಳಗೆ ಬಿಸಿ, ಒತ್ತಡ ಏರಿ, ಆಯಿಲ್ ಮಟ್ಟ ಅಳೆಯುವ ಕಡ್ಡಿಯ, ಅಂದರೆ ಡಿಪ್‌ಸ್ಟಿಕ್ ಕೊಳವೆಯಿಂದ ಆಯಿಲ್ ಚಿಮ್ಮಿ ಬೆಂಕಿ ಹತ್ತುವ ಅಪಾಯವಿತ್ತು. 2024ರಲ್ಲಿ ಜಿಎಂ ಹತ್ತು ಗೇರಿನ ಡೀಸೆಲ್ ಗಾಡಿಗಳನ್ನು, 2020ರಿಂದ 2022ರ ಮಾಡೆಲ್, 4.6 ಲಕ್ಷದಷ್ಟು, ಕರೆಸಿತು. ಒಂದು ವಾಲ್ವ್ ಸವೆದು, ಅಪರೂಪಕ್ಕೆ ಹಿಂದಿನ ಚಕ್ರಗಳು ಓಡುವಾಗಲೇ ಗಕ್ಕನೆ ಕಚ್ಚಿಕೊಳ್ಳಬಹುದು ಎಂಬ ಕಾರಣಕ್ಕೆ. ಗಾಡಿಯ ಗುರುತಿನ ಸಂಖ್ಯೆಯನ್ನು (ವಿಐಎನ್) ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಯ ತಾಣದಲ್ಲಿ ಹಾಕಿದರೆ ಬಾಕಿ ಇರುವುದೆಲ್ಲ ಬರುತ್ತದೆ.

## ಆಯಿಲ್ ವಿಚಾರ

ಲೈಫ್‌ಟೈಮ್ ಆಯಿಲ್ ಅಂತಾರೆ, ಬದಲಿಸೋದೇ ಬೇಡ್ವಂತೆ?

ಯಾರ ಲೈಫು ಎಂದು ಕೇಳಿ. ಆಯಿಲ್ ಸಾಯುವವರೆಗೆ ಗೇರ್‌ಬಾಕ್ಸು, ಗೇರ್‌ಬಾಕ್ಸ್ ಸಾಯುವವರೆಗೆ ಆಯಿಲು!

ಗಾಡಿಯ ಜೊತೆ ಬರುವ ಪುಸ್ತಕದಲ್ಲಿ ಸರ್ವಿಸ್ ಪಟ್ಟಿ ಎರಡಿರುತ್ತದೆ, ಸಾಮಾನ್ಯ ಬಳಕೆ ಮತ್ತು ಕಠಿಣ ಬಳಕೆ. ಮಾರುವವರು ಮೊದಲನೆಯದನ್ನೇ ತೋರಿಸುತ್ತಾರೆ. ಟ್ರೇಲರ್ ಎಳೆಯುವುದು, ಬೆಟ್ಟ ಹತ್ತುವುದು, ಹಿಮ ತಳ್ಳುವ ಹಲಗೆ ಕಟ್ಟುವುದು, ಬಿಸಿಲಿನ ಟ್ರಾಫಿಕ್ಕಿನಲ್ಲಿ ತೆವಳುವುದು, ಎಲ್ಲವೂ ಎರಡನೆಯದರಲ್ಲಿವೆ. ಇದ್ಯಾವುದನ್ನೂ ಮಾಡದವರು ಇಷ್ಟು ದುಡ್ಡು ಸುರಿದು ಹೆವಿ ಡ್ಯೂಟಿ ಯಾಕೆ ಕೊಳ್ಳುತ್ತಾರೆ? ನಾನು ಕ್ಯಾಂಪರ್ ಎಳೆಯುವ ಗಾಡಿಗೆ 30,000 ಮೈಲಿಗೊಮ್ಮೆ ಬದಲಿಸುತ್ತೇನೆ. ಸ್ವಲ್ಪ ಅತಿ ಅಂತ ಹೆಂಡತಿ ಅನ್ನುತ್ತಾಳೆ. ಇರಲಿ.

ಎಲ್ಲಾ ಎಟಿಎಫ್ಫೂ ಕೆಂಪಗೇ ಇದೆ. ಯಾವ್ದಾದ್ರೂ ಹಾಕ್ಬಹುದಾ?

ಬೇಡ. ಎಟಿಎಫ್ ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್. ಕೆಂಪು ಬರೀ ಬಣ್ಣ, ಸೋರಿದಾಗ ಎಂಜಿನ್ ಆಯಿಲ್‌ನಿಂದ ಬೇರೆ ಮಾಡಿ ಗುರುತಿಸಲು ಹಾಕಿದ್ದು. ಮುಖ್ಯವಾದದ್ದು ತೆಳುವೋ ಮಂದವೋ ಅನ್ನುವುದು, ಮತ್ತು ಕ್ಲಚ್ಚು ಎಷ್ಟು ಜಾರಿ ಎಷ್ಟು ಹಿಡಿಯಬೇಕು ಎಂದು ತೀರ್ಮಾನಿಸುವ ರಾಸಾಯನಿಕ. ಒಂದು ಕಾಲಕ್ಕೆ ಆ ಕೆಲಸಕ್ಕೆ ತಿಮಿಂಗಿಲದ ಎಣ್ಣೆ ಬಳಸುತ್ತಿದ್ದರು! 1970ರ ದಶಕದ ಆರಂಭದಲ್ಲಿ ಅಮೆರಿಕ ತಿಮಿಂಗಿಲದ ಎಣ್ಣೆಗೆ ನಿಷೇಧ ಹಾಕಿದ ಮೇಲೆ ಎಲ್ಲರೂ ಹೊಸ ಸೂತ್ರ ಹುಡುಕಬೇಕಾಯಿತು.

68ಆರ್‌ಎಫ್‌ಇಗೆ ಎಟಿಎಫ್ ಪ್ಲಸ್ 4. ಫೋರ್ಡ್‌ನ ಆರು ಗೇರಿಗೆ ಮರ್ಕಾನ್ ಎಲ್‌ವಿ, ಹತ್ತು ಗೇರಿಗೆ ಮರ್ಕಾನ್ ಯುಎಲ್‌ವಿ. ಈ ಎರಡರ ಹೆಸರಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಅಂಗಡಿಯಲ್ಲಿ ಪಕ್ಕಪಕ್ಕವೇ ಇಟ್ಟಿರುತ್ತಾರೆ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಐಸಿನ್‌ಗೆ ಅದರದ್ದೇ ಬೇರೆ ಆಯಿಲ್. ಎಲ್ಲ ಗಾಡಿಗೂ ಒಂದೇ ಸಾಕು ಎಂದು ಬರೆದ ಡಬ್ಬಿಯನ್ನು ನಾನಂತೂ ಮುಟ್ಟುವುದಿಲ್ಲ.

ಡಿಪ್‌ಸ್ಟಿಕ್ ನೋಡಿದ್ರೆ ಒಂದೊಂದ್ ಸಲ ಒಂದೊಂದ್ ಥರ ತೋರಿಸುತ್ತೆ.

ತಣ್ಣಗಿದ್ದಾಗ ನೋಡಿರುತ್ತೀರಿ. ಗೇರ್‌ಬಾಕ್ಸ್ ಆಯಿಲ್ ಬಿಸಿಯಾದರೆ ಉಬ್ಬುತ್ತದೆ, ಹಾಗಾಗಿ ಹತ್ತಿಪ್ಪತ್ತು ಮೈಲಿ ಓಡಿಸಿ, ಸಮತಟ್ಟು ಜಾಗದಲ್ಲಿ, ಎಂಜಿನ್ ಚಾಲೂ ಇಟ್ಟೇ ನೋಡಬೇಕು. ಎಂಜಿನ್ ನಿಲ್ಲಿಸಿ ನೋಡಿದರೆ ಸುಳ್ಳು ಅಳತೆ. ಹೆಚ್ಚಿನವಕ್ಕೆ ಪಾರ್ಕ್‌ನಲ್ಲಿ ಇಟ್ಟು ನೋಡುವುದು ಸರಿ, ಆದರೆ ಹಳೇ ಡಾಡ್ಜ್‌ಗಳ 48ಆರ್‌ಇಗೆ ನ್ಯೂಟ್ರಲ್‌ನಲ್ಲೇ ನೋಡಬೇಕು, ಯಾಕೆಂದರೆ ಪಾರ್ಕ್‌ನಲ್ಲಿ ಅದರ ಕನ್ವರ್ಟರ್ ತುಂಬುವುದಿಲ್ಲ. ಕಡ್ಡಿಗೆ ಅಂಟಿದ್ದನ್ನು ಮೂಸಿ ನೋಡಿ. ಕಂದು ತಿರುಗಿದ್ದರೆ ಹಳತು, ಸೀದ ವಾಸನೆ ಬಂದರೆ ಕ್ಲಚ್ ಸುಟ್ಟಿದೆ, ಗುಲಾಬಿ ಹಾಲಿನಂತಿದ್ದರೆ ಎಂಜಿನ್ ತಣಿಸುವ ನೀರು, ಅಂದರೆ ಕೂಲಂಟ್, ಸೇರಿಕೊಂಡಿದೆ. ಮೂರನೆಯದಾದರೆ ಇನ್ನೊಂದು ಮೈಲಿಯೂ ಓಡಿಸಬೇಡಿ, ನೀರು ತಾಗಿದರೆ ಕ್ಲಚ್ ಬಿಲ್ಲೆಯ ಪದರ ಕಿತ್ತುಬರುತ್ತದೆ.

ಹಳೇ ಗಾಡಿಗೆ ಹೊಸ ಆಯಿಲ್ ಹಾಕಿದ್ರೆ ಗೇರ್‌ಬಾಕ್ಸ್ ಹೋಗುತ್ತಂತೆ, ನಿಜಾನಾ?

ಸಾಯಲು ಸಿದ್ಧವಾಗಿದ್ದದ್ದು ಆ ವಾರ ಸತ್ತಿರುತ್ತದೆ, ಹೆಸರು ಆಯಿಲ್‌ಗೆ. ಜನ ಆಯಿಲ್ ನೆನಪಿಸಿಕೊಳ್ಳುವುದೇ ಗೇರ್ ಜಾರಲು ಶುರುವಾದ ಮೇಲೆ. ಅಷ್ಟರಲ್ಲಿ ಕ್ಲಚ್ ತೆಳುವಾಗಿರುತ್ತದೆ. ಆದರೂ ಲಕ್ಷ ಮೈಲಿ ಮುಟ್ಟದೆ ಬಿಟ್ಟ ಗಾಡಿಗೆ ಮೆಷಿನ್ ಹಚ್ಚಿ ಒತ್ತಡದಲ್ಲಿ ಫ್ಲಶ್ ಮಾಡಿಸಬೇಡಿ. ಪ್ಯಾನ್ (ಅಡಿಯ ಆಯಿಲ್ ತಟ್ಟೆ) ಇಳಿಸಿ, ಫಿಲ್ಟರ್ ಬದಲಿಸಿ, ಇಳಿದಷ್ಟು ತುಂಬಿ. ಹಾಗೆ ಮಾಡಿದರೆ ಬದಲಾಗುವುದು ಅರ್ಧದಷ್ಟೇ, ಉಳಿದದ್ದು ಕನ್ವರ್ಟರ್ ಮತ್ತು ಆಯಿಲ್ ತಣಿಸುವ ಕೂಲರ್ ಒಳಗಿರುತ್ತದೆ. ಕೆಲವು ಸಾವಿರ ಮೈಲಿ ಬಿಟ್ಟು ಇನ್ನೊಮ್ಮೆ ಮಾಡಿ.

ಪ್ಯಾನ್ ಇಳಿಸುವುದರ ಇನ್ನೊಂದು ಲಾಭ, ಒಳಗಿನ ಅಯಸ್ಕಾಂತ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಮಸಿಯಂಥ ನುಣುಪು ಪೇಸ್ಟ್ ಅಂಟಿದ್ದರೆ ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ದುಡ್ಡು ಹೊಂದಿಸಿಕೊಳ್ಳಿ.

## ಭಾರ ಎಳೆಯುವಾಗ

ಮೀಟರಲ್ಲಿ ಎಷ್ಟು ತೋರಿಸಿದ್ರೆ ಹೆದರಬೇಕು?

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಇಲ್ಲಿಯ ಗಾಡಿಗಳು ಫ್ಯಾರನ್‌ಹೀಟ್‌ನಲ್ಲಿ ತೋರಿಸುತ್ತವೆ. 160ರಿಂದ 200 ಡಿಗ್ರಿ, ಅಂದರೆ 71ರಿಂದ 93 ಸೆಲ್ಸಿಯಸ್, ನೆಮ್ಮದಿಯ ವಲಯ. ಹತ್ತು ಗೇರಿನ ಹೊಸವು ಮೈಲೇಜ್ ಆಸೆಗೆ ಇದರ ಮೇಲ್ತುದಿಯಲ್ಲೇ ಓಡುತ್ತವೆ, ಗಾಬರಿ ಬೇಡ. ಘಾಟಿಯಲ್ಲಿ 220 ಕಂಡರೆ ಕಣ್ಣಿಟ್ಟಿರಿ. 240 ಮುಟ್ಟಿದರೆ ವೇಗ ತಗ್ಗಿಸಿ ಗೇರ್ ಇಳಿಸಿ. 260 ಆದರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಮಾತ್ರ ಆರಿಸಬೇಡಿ. ನ್ಯೂಟ್ರಲ್ ಅಥವಾ ಪಾರ್ಕ್‌ನಲ್ಲಿ ಎಂಜಿನ್ ವೇಗವನ್ನು ಸ್ವಲ್ಪ ಏರಿಸಿ ಇಟ್ಟರೆ ಪಂಪ್ ಆಯಿಲನ್ನು ಕೂಲರ್‌ಗೆ ಕಳಿಸುತ್ತಿರುತ್ತದೆ. ಆರಿಸಿದರೆ ಆ ಬಿಸಿ ಅಲ್ಲೇ ಕೂತು ಬೇಯಿಸುತ್ತದೆ.

ನಾನು ಸುಟ್ಟುಕೊಂಡದ್ದು ಹೀಗೇ. ಡೆನ್ವರ್‌ನ ಪಶ್ಚಿಮಕ್ಕೆ ಐ-70ರಲ್ಲಿ ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಆ ಏರಿನಲ್ಲಿ, ಜುಲೈ ತಿಂಗಳ ಭಾನುವಾರ, ಊರಿಗೆ ಮರಳುವವರ ಸಾಲಿನಲ್ಲಿ ತೆವಳಿದೆ. ತೆವಳುವ ವೇಗದಲ್ಲಿ ಲಾಕ್-ಅಪ್ ಬೀಳುವುದಿಲ್ಲ, ಕೂಲರ್‌ಗೆ ಗಾಳಿಯೂ ಇಲ್ಲ. ನಾನು ಎಂಜಿನ್ ಬಿಸಿಯ ಮುಳ್ಳು ನೋಡುತ್ತಿದ್ದೆ, ಅದು ಕದಲಲೇ ಇಲ್ಲ. ಗೇರ್‌ಬಾಕ್ಸ್ ಬಿಸಿ ಬೇರೆ ಪುಟದಲ್ಲಿ ತೋರಿಸುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಕಂಪನಿ 15 ಸಾವಿರ ಪೌಂಡ್ ಎಳೆಯುತ್ತೆ ಅಂತ ಬರೆದಿದೆ. ಅಷ್ಟು ಎಳೆದ್ರೆ ಗೇರ್‌ಬಾಕ್ಸಿಗೆ ಏನಾಗಲ್ವಾ?

ಆ ಸಂಖ್ಯೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಎಸ್‌ಎಇ ಜೆ2807 ಎಂಬ, ವಾಹನ ಎಂಜಿನಿಯರುಗಳ ಸಂಸ್ಥೆಯ ಮಾನಕ ಇದೆ. ಅದರ ಬೆಟ್ಟದ ಪರೀಕ್ಷೆಗೆ ಮಾದರಿ ಆರಿಜೋನಾದ ಬುಲ್‌ಹೆಡ್ ಸಿಟಿ ಹತ್ತಿರದ ಡೇವಿಸ್ ಡ್ಯಾಮ್ ಏರು, 11.4 ಮೈಲಿ. 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ, ಎಸಿ ಪೂರ್ತಿ ಹಾಕಿ, ಹಿಂದೆ ಎರಡೇ ಚಕ್ರದ ಗಾಡಿ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಇದನ್ನು ದಾಟಿದರೆ ಆ ಭಾರವನ್ನು ಎಳೆಯಬಲ್ಲದು ಎಂದಾಯಿತು. ದಿನಾ ಎಳೆದರೆ ಎಷ್ಟು ವರ್ಷ ಬಾಳುತ್ತದೆ ಎಂಬುದು ಬೇರೆ ಮಾತು. ಕಂಪನಿ ಹೇಳಿದ ಭಾರದ ಮುಕ್ಕಾಲಿಗೆ ನಾನು ನಿಲ್ಲುತ್ತೇನೆ.

ಟೋ/ಹಾಲ್ ಗುಂಡಿ ಒತ್ತಿದ್ರೆ ಏನು ವ್ಯತ್ಯಾಸ?

ಗೇರ್ ಬೇಗ ಮೇಲೇರುವುದಿಲ್ಲ, ಲಾಕ್-ಅಪ್ ಬೇಗ ಬಿದ್ದು ಬಿಡದೆ ನಿಲ್ಲುತ್ತದೆ, ಬ್ರೇಕ್ ಮುಟ್ಟಿದಾಗ ತಾನೇ ಗೇರ್ ಇಳಿಸಿ ಎಂಜಿನ್ನಿನಿಂದ ತಡೆಯುತ್ತದೆ. ಟ್ರೇಲರ್ ಕಟ್ಟಿದ ಕ್ಷಣ ಒತ್ತಿ. ‘ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ’ ಎಂದು ನಮ್ಮ ಘಾಟಿ ಲಾರಿಯವರು ಹೇಳುತ್ತಾರಲ್ಲ, ಗುಂಡಿ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಡೀಸೆಲ್ ಆದರೆ, ಹೊಗೆಯ ದಾರಿ ಬಿಗಿದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕನ್ನೂ ಹಾಕಿಕೊಳ್ಳಿ.

ಕ್ಯಾಂಪರನ್ನ ಮನೆ ಮುಂದಿನ ಏರಿಗೆ ಹಿಂದಕ್ಕೆ ಹತ್ತಿಸುವಾಗ ಸೀದ ವಾಸನೆ ಬರುತ್ತೆ.

ಇಂಚಿಂಚು ಹಿಂದೆ ಸರಿಸುವಾಗ ಕನ್ವರ್ಟರ್ ಪೂರ್ತಿ ಜಾರುತ್ತಿರುತ್ತದೆ. ಫೋರ್-ವೀಲ್ ಗಾಡಿಯಾದರೆ, ನೆಲ ಮಣ್ಣೋ ಜಲ್ಲಿಯೋ ಇದ್ದರೆ, ಫೋರ್-ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಅತಿ ನಿಧಾನದ ಗೇರು, ಹಾಕಿ. ಅದೇ ಕೆಲಸ ಅರ್ಧ ಬಿಸಿಯಲ್ಲಿ ಮುಗಿಯುತ್ತದೆ. ಒಣ ಕಾಂಕ್ರೀಟ್ ಮೇಲೆ ಮಾತ್ರ ಬೇಡ, ತಿರುಗಿಸುವಾಗ ಆಕ್ಸಲ್ಲುಗಳು ಮುರುಚಿಕೊಳ್ಳುತ್ತವೆ.

ಇಳಿಜಾರಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಾರ್ಕ್. ಇಲ್ಲವಾದರೆ ಇಡೀ ಟ್ರೇಲರಿನ ತೂಕ ಹೆಬ್ಬೆರಳಿನಷ್ಟು ದೊಡ್ಡ ಒಂದು ಕೊಕ್ಕೆಯ ಮೇಲೆ.

## ಕೆಟ್ಟಾಗ, ಮತ್ತು ಕೆಡುವ ಮೊದಲು

50 ಮೈಲಿ ವೇಗದಲ್ಲಿ ಗಾಡಿ ಗಡಗಡ ಅನ್ನುತ್ತೆ, ರಸ್ತೆಯಲ್ಲಿ ಉಬ್ಬುತಗ್ಗು ಇದ್ದಂಗೆ. ಟೈರಾ?

ಸಮವೇಗದಲ್ಲಿ ಹೋಗುವಾಗ ಎಡಗಾಲಿನಿಂದ ಬ್ರೇಕನ್ನು ಹಗುರ ಮುಟ್ಟಿ ನೋಡಿ. ನಡುಕ ತಕ್ಷಣ ನಿಂತರೆ ಟೈರ್ ಅಲ್ಲ, ಲಾಕ್-ಅಪ್ ಕ್ಲಚ್. ಬ್ರೇಕ್ ಮುಟ್ಟಿದರೆ ಕಂಪ್ಯೂಟರ್ ಅದನ್ನು ಬಿಡಿಸುತ್ತದೆ. ಬೇಗ ಗೊತ್ತಾದರೆ ಸರಿಯಾದ ಹೊಸ ಆಯಿಲ್‌ನಿಂದಲೇ ಗುಣವಾಗುವುದುಂಟು.

ಪಿ0700 ಅಂತ ಕೋಡ್ ಬಂತು. ಶಾಪ್‌ನವರು ಗೇರ್‌ಬಾಕ್ಸೇ ಬದಲಿಸಬೇಕು ಅಂತಾರೆ.

ಪಿ0700 ಅಂದರೆ ‘ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ಹೇಳಬೇಕಂತಿದೆ’ ಅಂತ ಅಷ್ಟೇ. ಏನು ಹೇಳುತ್ತಿದೆ ಅನ್ನುವುದು ಅದರ ಹಿಂದಿನ ಕೋಡಿನಲ್ಲಿದೆ. ಪಿ0741 ಆದರೆ ಲಾಕ್-ಅಪ್ ಹಿಡಿಯುತ್ತಿಲ್ಲ, ಪಿ0218 ಆದರೆ ಅತಿ ಬಿಸಿ, ಪಿ0731 ಆದರೆ ಮೊದಲ ಗೇರಿನ ಲೆಕ್ಕ ತಪ್ಪುತ್ತಿದೆ. ಎರಡನೇ ಕೋಡ್ ಓದದೆ ಪೆಟ್ಟಿಗೆ ಇಳಿಸುತ್ತೇನೆ ಎನ್ನುವವರ ಹತ್ತಿರ ಕೀಲಿ ಕೊಡಬೇಡಿ. ಸವೆದ ವೈರು, ಇಳಿದ ಬ್ಯಾಟರಿ ಕೂಡ ಇಂಥ ಕೋಡ್ ಎಬ್ಬಿಸಿದ್ದಿದೆ. ಬ್ಯಾಟರಿ ಕಳಚಿ ಹಾಕಿದ ಮೇಲೆ ಕೆಲವು ದಿನ ಗೇರ್ ಒರಟಾಗಿ ಬಿದ್ದರೆ ಅದು ಕಂಪ್ಯೂಟರ್ ಮತ್ತೆ ಕಲಿಯುತ್ತಿರುವುದು.

ಟ್ಯೂನ್ ಹಾಕಿಸಿದ್ರೆ 100 ಹಾರ್ಸ್‌ಪವರ್ ಜಾಸ್ತಿ ಬರುತ್ತಂತೆ?

ಟ್ಯೂನ್ ಅಂದರೆ ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿ ಜೋರು ಹೆಚ್ಚಿಸುವುದು. ಎಂಜಿನ್ನಿಗೆ ಬರುತ್ತದೆ, ಕ್ಲಚ್ ಬಿಲ್ಲೆ ಅಷ್ಟೇ ಇರುತ್ತದೆ. ಹೊಗೆ ನಿಯಂತ್ರಣ ಕಿತ್ತುಹಾಕುವ ಟ್ಯೂನ್ ಆದರೆ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ಕಾನೂನುಬಾಹಿರ ಕೂಡ. ಬೇಡ.

ಡೀಸೆಲ್‌ಗೆ ಲಕ್ಷ ಮೈಲಿ ವಾರಂಟಿ ಇದೆಯಲ್ಲ, ಯಾಕೆ ತಲೆ ಕೆಡಿಸ್ಕೋಬೇಕು?

ಲಕ್ಷ ಮೈಲಿ ಯಾವುದಕ್ಕೆ ಎಂದು ಓದಿ. ಕೆಲವು ಕಂಪನಿಗಳಲ್ಲಿ ಅದು ಎಂಜಿನ್ನಿಗೆ ಮಾತ್ರ, ಗೇರ್‌ಬಾಕ್ಸಿಗೆ 60,000. ಇನ್ನೊಂದು, ಆಯಿಲ್ ನೀವೇ ಬದಲಿಸಿದರೆ ವಾರಂಟಿ ಹೋಗುತ್ತದೆ ಅನ್ನುವುದು ಸುಳ್ಳು. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ನಿಮ್ಮ ಪರ ಇದೆ. ಆಯಿಲ್ ಕೊಂಡ ಚೀಟಿ, ಅವತ್ತಿನ ಮೈಲಿ ಬರೆದ ಫೋಟೊ ಇಟ್ಟುಕೊಂಡಿರಿ.

ಅಣ್ಣ, ಹಾಸನದಲ್ಲಿ ತೋಟಕ್ಕೆ ಹಿಲಕ್ಸ್ ತಗೊಂಡೆ, ಆಟೋಮ್ಯಾಟಿಕ್. ಇದೆಲ್ಲ ನನಗೂ ಬೇಕಾ?

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ 2022ರಲ್ಲಿ ಭಾರತಕ್ಕೆ ತಂದ ಹಿಲಕ್ಸ್ ಈ ಗುಂಪಿಗಿಂತ ಬಹಳ ಹಗುರ, ಆರು ಗೇರಿನದು. ಎಳೆತದ ಪಾಠ ಬೇಡ. ಕೆಸರಲ್ಲಿ ಹೂತಾಗ ಡಿ, ಆರ್, ಡಿ, ಆರ್ ಎಂದು ಹಿಂದೆಮುಂದೆ ಒದೆಸಬೇಡಿ, ಆಯಿಲ್ ಬೇಯುವುದು ಆಗಲೇ. ಫೋರ್-ಲೋ ಹಾಕಿ ನಿಧಾನ ಹೊರಬನ್ನಿ, ಬರದಿದ್ದರೆ ಟ್ರ್ಯಾಕ್ಟರ್ ಕರೆಸಿ.

ಗೇರ್‌ಬಾಕ್ಸ್ ಹೋಯ್ತು. ರೀಬಿಲ್ಡ್ ಮಾಡಿಸ್ಲಾ, ಬೇರೆ ಹಾಕಿಸ್ಲಾ?

ಐದಾರು ಸಾವಿರ ಡಾಲರಿನಿಂದ ಹತ್ತು ಸಾವಿರದವರೆಗೆ ಹೋಗುವ ಕೆಲಸ, ಆತುರ ಬೇಡ. ಊರಿನ ಒಳ್ಳೆಯ ಕೈ ಗೊತ್ತಿದ್ದರೆ ರೀಬಿಲ್ಡ್ ಸರಿ, ನಿಮ್ಮ ಪೆಟ್ಟಿಗೆಯ ಗೊತ್ತಿರುವ ದೌರ್ಬಲ್ಯವನ್ನೂ ಆಗಲೇ ತಿದ್ದಿಸಬಹುದು. ಆ ಕೈ ಗೊತ್ತಿಲ್ಲವೆಂದರೆ ಕಾರ್ಖಾನೆಯಲ್ಲಿ ಹೊಸದಾಗಿ ಜೋಡಿಸಿ ಪರೀಕ್ಷಿಸಿದ್ದನ್ನು ಕೊಳ್ಳಿ, ಅದರ ವಾರಂಟಿ ದೇಶದ ಎಲ್ಲೆಡೆ ನಡೆಯುತ್ತದೆಯೇ ಎಂದು ಕೇಳಿ. ಟ್ರೇಲರ್ ಕಟ್ಟಿಕೊಂಡು ಹೋಗುವವರ ಗಾಡಿ ಮನೆ ಮುಂದೆ ಕೆಡುವುದಿಲ್ಲ.

ಟಾರ್ಕ್ ಕನ್ವರ್ಟರನ್ನೂ ಜೊತೆಗೇ ಬದಲಿಸಿ. ಹಾಗೆಯೇ ಕೂಲರ್. ಸುಟ್ಟ ಪೆಟ್ಟಿಗೆಯ ಲೋಹದ ಪುಡಿ ಕೂಲರಿನ ಸಣ್ಣ ಸಂದುಗಳಲ್ಲಿ ಕೂತಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ, ಹೊಸದರ ಮೊದಲ ಓಟದಲ್ಲೇ ವಾಲ್ವ್ ಬಾಡಿಗೆ ಸೇರುತ್ತದೆ. ನನಗೆ ಕೆಲಸ ಮಾಡಿಕೊಟ್ಟ ಶಾಪ್‌ನವರು ಹಳೇ ಕೂಲರನ್ನೇ ತೊಳೆದು ಹಾಕಿದರು, 900 ಮೈಲಿಗೆ ಮತ್ತೆ ಅಲ್ಲಿಗೇ ಟೋ ಮಾಡಿಸಿಕೊಂಡು ಹೋದೆ. ಬಿಲ್ಲಿನಲ್ಲಿ ‘ಹೊಸ ಕೂಲರ್’ ಎಂಬ ಸಾಲು ಇದೆಯೇ ನೋಡಿ, ಹಳೆಯದನ್ನು ಕೈಗೆ ಕೊಡಿ ಎಂದು ಕೇಳಿ ಇಸಿದುಕೊಳ್ಳಿ.